ಓಟ ಶುರುಮಾಡಿದವರ ಹಿಮ್ಮಡಿ ನೋವು

ಹೊಸದಾಗಿ ಓಡಲು ಶುರುಮಾಡಿದಾಗ ತೊಡೆ, ಮೀನಖಂಡಗಳು ಮರುದಿನ ಹಿಡಿದುಕೊಳ್ಳುತ್ತವೆ. ಎರಡು ಮೂರು ದಿನದಲ್ಲಿ ಆ ನೋವು ತಾನೇ ಇಳಿಯುತ್ತದೆ. ಹೆದರಬೇಡಿ, ಹಗುರಾಗಿ ನಡೆದಾಡಿ.

ಆದರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮೊಳೆ ಚುಚ್ಚಿದಂತಾದರೆ ಗಮನ ಕೊಡಿ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಡಿಮೆಯಾಗುತ್ತದೆ, ನಾವು ಮೋಸ ಹೋಗುವುದೂ ಅಲ್ಲೇ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಬ್ಬಿರುವ ದಪ್ಪ ಪಟ್ಟಿಯ ಮೇಲೆ ತಾಳಿಕೆ ಮೀರಿ ಭಾರ ಬಿದ್ದಿರುತ್ತದೆ. ಬಹಳ ಸಲ ಕಾರಣ ಅವಸರ: ಭಾನುವಾರ ಬಂತೆಂದು ಒಮ್ಮೆಲೇ ದೂರ ಹೆಚ್ಚಿಸುವುದು, ಸವೆದ ಶೂಗಳಲ್ಲೇ ಓಡುವುದು.

ಓಟ ಪೂರ್ತಿ ಬಿಡಬೇಕಿಲ್ಲ, ದೂರ ಇಳಿಸಿ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡದೆ, ಮನೆಯೊಳಗೆಂದೇ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ (ಅಜ್ಜಿ ಗೊಣಗಿದರೂ ಸರಿ). ಏಳುವ ಮುನ್ನ ಕುಳಿತಲ್ಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆಳೆದು 10 ಸೆಕೆಂಡು ಹಿಡಿಯಿರಿ, 10 ಸಲ. ದಿನ ಬಿಟ್ಟು ದಿನ ಮೆಟ್ಟಿಲಂಚಿನಲ್ಲಿ ನಿಂತು, ಬೆರಳಡಿ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿಳಿಸಿ. ಕಾಲಿಗೆ ಬಲ ಬರುವುದು ಇದರಿಂದ. ಪೂರ್ತಿ ವಾಸಿಯಾಗಲು ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ನೋವಿನ ಮಾತ್ರೆ ನುಂಗಿ ಓಡುವುದು ನನಗಂತೂ ಒಪ್ಪಿಗೆಯಿಲ್ಲ. ಪಾದ ಊದಿದರೆ, ಜೋಮು ಹಿಡಿದರೆ, ಮಲಗಿದಾಗಲೂ ನೋವು ಬಿಡದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.