ಹೊಸ ಊರಿನ ಮೊದಲ ವರ್ಷ: ಹಾರೆಗಿಂತ ಮೊದಲು ನೋಟ್‌ಬುಕ್

ನೌಕರಿ ಮುಗಿಸಿ, ಕೈಗೆ ಬಂದ ಹಣದಲ್ಲಿ ಬೇರೆ ಸೀಮೆಯಲ್ಲಿ ಒಂದೆರಡು ಎಕರೆ ಜಾಗ ಮಾಡುವವರು ಇದ್ದಾರೆ. ಆ ಹಣ ಎರಡನೇ ಸಲ ಬರುವಂಥದ್ದಲ್ಲ. ಆದ್ದರಿಂದ ಮೊದಲ ವರ್ಷ ಏನು ಮಾಡಬೇಕು ಎಂಬುದಕ್ಕಿಂತ ಏನು ನೋಡಬೇಕು ಎಂಬುದೇ ಮುಖ್ಯ. ನಾನು ವಿಜಯಪುರ ಕಡೆಯ ಎರೆಭೂಮಿಯವನು. ನಿವೃತ್ತಿಯ ನಂತರ ದಕ್ಷಿಣ ಕನ್ನಡದ ಅಡಿಕೆ ತೋಟಕ್ಕೆ ಬಂದೆ. ಇಲ್ಲಿ ನೋಡಿ ಬರೆದಿಟ್ಟುಕೊಂಡದ್ದರಲ್ಲಿ ಬೇರೆಯವರಿಗೂ ಉಪಯೋಗವಾಗುವ ಕೆಲವು ವಿಷಯ ಕೊಟ್ಟಿದ್ದೇನೆ.

ಮಳೆಯ ಹೆಸರು ಒಂದೇ, ಕೆಲಸ ಬೇರೆ

ಮಳೆ ನಕ್ಷತ್ರ ಎರಡೂ ಕಡೆ ಒಂದೇ. ಒಂದೊಂದು ಹದಿಮೂರು-ಹದಿನಾಲ್ಕು ದಿನ. ಆದರೆ ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಇಲ್ಲಿ ಸುಮಾರು 4000 ಮಿ.ಮೀ. ಅಲ್ಲಿಯ ವರ್ಷದ ಮಳೆ ಇಲ್ಲಿ ಜುಲೈಯ ಹದಿನೈದು-ಇಪ್ಪತ್ತು ದಿನದಲ್ಲೇ ಸುರಿದು ಹೋಗಬಹುದು.

ಜೂನ್ ಎರಡನೇ ವಾರ ಮೃಗಶಿರ ಬಂತೆಂದರೆ ಅಲ್ಲಿ ತೊಗರಿ, ಹೆಸರು ಬಿತ್ತಲು ನೆಲ ಹಸಿಯಾಗುವುದನ್ನು ಕಾಯುತ್ತೇವೆ. ಇಲ್ಲಿ ಅಷ್ಟರೊಳಗೆ ಅಡಿಕೆಗೆ ಮೊದಲ ಮದ್ದು ಬಿಟ್ಟು ಮುಗಿದಿರಬೇಕು. ಸೆಪ್ಟೆಂಬರ್-ಅಕ್ಟೋಬರಿನ ಉತ್ತರೆ, ಹಸ್ತ ಅಲ್ಲಿ ಬಿಳಿಜೋಳ ಬಿತ್ತುವ ಹೊತ್ತು. ಇಲ್ಲಿ ಅದು ಮಳೆ ಇಳಿಯುವ ಹೊತ್ತು.

ಕಾರಣ ಮಣ್ಣು. ಎರೆಮಣ್ಣು ಹಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದ ಬೆಳೆಯನ್ನು ದಾಟಿಸುತ್ತದೆ. ಇಲ್ಲಿಯ ಮುರಕಲ್ಲಿನ ಗುಡ್ಡ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂಬಿಡುತ್ತದೆ. ಇಷ್ಟು ಮಳೆ ಬಿದ್ದರೂ ಏಪ್ರಿಲಿನಲ್ಲಿ ನೀರಿಗೆ ಪರದಾಡುವುದು ಇದರಿಂದಲೇ.

ಬಾವಿ ನೋಡುವ ಕಾಲ

ಆಗಸ್ಟಿನಲ್ಲಿ ಇಲ್ಲಿಯ ಎಷ್ಟೋ ಬಾವಿಗಳಲ್ಲಿ ಬಗ್ಗಿದರೆ ಕೈಗೆ ನೀರು ಸಿಗುತ್ತದೆ. ನೆರೆಯ ಹಿರಿಯ ಕೃಷಿಕರೊಬ್ಬರು ಹೇಳಿದರು: "ಈಗ ಎಂತ ನೋಡ್ತೀರಿ ಮಾರಾಯ್ರೇ? ಬಾವಿ ನೋಡ್ಲಿಕ್ಕೆ ವಿಷುವಿಗೆ ಬನ್ನಿ." ವಿಷು ಬರುವುದು ಏಪ್ರಿಲ್ ಮಧ್ಯಕ್ಕೆ. ಜಾಗ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಎಷ್ಟು ಗಿಡ ನೆಡಬಹುದು ಎಂಬುದನ್ನು ಆಗಸ್ಟಿನ ನೀರು ಹೇಳುವುದಿಲ್ಲ, ವಿಷುವಿನ ನೀರು ಹೇಳುತ್ತದೆ.

ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ತಿಂಗಳ ಒಂದನೇ ತಾರೀಕು ಬಾವಿಗೆ ಇಳಿಬಿಡಿ. ಎಷ್ಟು ಗಂಟು ಒದ್ದೆಯಾಯಿತೆಂದು ಬರೆಯಿರಿ. ಮಳೆಯನ್ನೂ ಅಳೆಯಿರಿ. ಬುಡದಿಂದ ಬಾಯಿವರೆಗೆ ಒಂದೇ ಅಗಲವಿರುವ ಡಬ್ಬಿ ಮತ್ತು ಶಾಲೆ ಮಕ್ಕಳ ಅಡಿಪಟ್ಟಿ ಸಾಕು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ನಾಲ್ಕು ಲಕ್ಷ ಲೀಟರ್ ಬೀಳುತ್ತದೆ!

ಈ ಭಾಗದಲ್ಲಿ ನವೆಂಬರ್-ಡಿಸೆಂಬರಿನಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು-ಮಣ್ಣಿನ ಕಟ್ಟ ಹಾಕುವ ರೂಢಿ ಹಳೆಯದು. ನಿಮ್ಮ ತೋಡಿನಲ್ಲಿ ಹಿಂದೆ ಕಟ್ಟ ಇತ್ತೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದಿದ್ದರೆ ನೆರೆಯವರನ್ನು ಸೇರಿಸಿ ಪುನಃ ಹಾಕಿ.

ಕ್ಯಾಲೆಂಡರ್ ನಂಬಿ ಕೂರಬೇಡಿ

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಎರಡರ ನಡುವೆ ಹದಿನೈದು ದಿನ! ಮದ್ದು ಬಿಡುವುದು ಹಿಂದೆ ಬಿದ್ದರೆ ಕೊಳೆರೋಗ ಕಾಯುವುದಿಲ್ಲ. ಆದ್ದರಿಂದ ಮೈಲುತುತ್ತು, ಸುಣ್ಣ ಮೇ ಮೊದಲ ವಾರವೇ ಮನೆಯಲ್ಲಿರಲಿ. ಮರ ಹತ್ತುವವರಿಗೂ ಆಗಲೇ ಹೇಳಿಡಿ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು. ಎರಡನೇ ಸಲ ನಲವತ್ತು-ನಲವತ್ತೈದು ದಿನಕ್ಕೆ.

ಊರಿನ ದಿನಗಳು

ಊರಿನ ಆಚರಣೆ ಗೊತ್ತಿಲ್ಲದಿದ್ದರೆ ಕೆಲಸವೂ ಸಾಗದು. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿಗೆ ವಿಶ್ರಾಂತಿ. ಆಗ ಅಗೆಯಲು ಜನ ಕರೆಯಬೇಡಿ. ಮೇ ಕೊನೆಯ ಪತ್ತನಾಜೆಗೆ ಕೋಲ, ಯಕ್ಷಗಾನದ ತಿರುಗಾಟ ಮುಗಿದು ಊರು ಮಳೆಗಾಲಕ್ಕೆ ತಯಾರಾಗುತ್ತದೆ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುತ್ತಾರೆ. ಗುರುತಿಲ್ಲದವರು ತಾವೇ ತೊಗಟೆ ತರಬಾರದು, ಕಾಸರಕದ ತೊಗಟೆ ವಿಷ. ತಿಳಿದವರ ಮನೆಗೇ ಹೋಗಿ ಕುಡಿಯಿರಿ. ಪರಿಚಯವೂ ಆಗುತ್ತದೆ.

ಊರವರಲ್ಲಿ ಒಂದು ಮಾತು. ನಿಮ್ಮ ಪಕ್ಕಕ್ಕೆ ಹೊಸಬರು ಬಂದರೆ ಅವರು ಕೇಳುವವರೆಗೆ ಕಾಯಬೇಡಿ. ತೋಡು ಯಾವಾಗ ಬತ್ತುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಈ ಮೂರು ಹೇಳಿದರೂ ಸಾಕು. ಅವರು ಅವಸರದಲ್ಲಿ ಕೊರೆಸುವ ಬೋರ್‌ವೆಲ್ ನಿಮ್ಮ ಬಾವಿಯ ನೀರನ್ನೂ ಎಳೆದೀತು.