ಕೈಚಳಕಕ್ಕೆ ಬೆಳ್ಳಿ ರೂಪಾಯಿ: ಕೊಳ್ಳುವ ಮುನ್ನ

ನಾಣ್ಯದ ಜಾದೂ ಕಲಿಯುವವರಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಕೈಚಳಕದ ಬಗ್ಗೆ ಕೇಳಿಲ್ಲ. ಹಳೆಯ ಬೆಳ್ಳಿ ನಾಣ್ಯ ಯಾವುದು ಕೊಳ್ಳಬೇಕು, ಎಷ್ಟು ಕೊಡಬೇಕು ಎಂದೇ ಕೇಳಿವೆ. ಬೆಳ್ಳಿ ದರ ಏರಿರುವಾಗ ಇದು ಸಹಜ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹತ್ತು ರೂಪಾಯಿ ನಾಣ್ಯದಲ್ಲಿ ಪಾಮಿಂಗ್ (ಅಂಗೈಯಲ್ಲಿ ನಾಣ್ಯ ಅಡಗಿಸುವುದು) ಅಭ್ಯಾಸ ಮಾಡುತ್ತಿದ್ದೇನೆ. ಅಂಗೈಯಲ್ಲಿ ನಿಲ್ಲುವುದೇ ಇಲ್ಲ, ಜಾರಿಬಿಡುತ್ತದೆ. ವಿಡಿಯೊಗಳಲ್ಲಿ ಎಲ್ಲರ ಕೈಯಲ್ಲೂ ಹಳೆಯ ಬೆಳ್ಳಿ ನಾಣ್ಯ ಕಾಣುತ್ತದೆ. ಬೆಳ್ಳಿ ಇಲ್ಲದೆ ಕಲಿಯಲು ಆಗುವುದೇ ಇಲ್ಲವೇ ಸರ್?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. ನಿಮಗೆ ತೊಂದರೆ ಕೊಡುತ್ತಿರುವುದು ನಾಣ್ಯದ ಅಳತೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ., ತೂಕ 7.71 ಗ್ರಾಂ. ಹೆಬ್ಬೆರಳ ಬುಡದ ಉಬ್ಬು ಮತ್ತು ಅದರೆದುರಿನ ಉಬ್ಬಿನ ನಡುವೆ ಅಂಚು ಕಚ್ಚಿ ನಿಲ್ಲಬೇಕಾದರೆ, ಸಾಮಾನ್ಯ ಗಾತ್ರದ ಕೈಗೆ 30 ಮಿ.ಮೀ. ಆಸುಪಾಸಿನ ನಾಣ್ಯ ಬೇಕು. ಅಮೆರಿಕದ ಬೆಳ್ಳಿಯ ಅರ್ಧ ಡಾಲರ್ 30.6 ಮಿ.ಮೀ., 12.5 ಗ್ರಾಂ. ಜೆ.ಬಿ. ಬೋಬೊ ಅವರ 1952ರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ಓದಿ ಕಲಿತ ತಲೆಮಾರುಗಳೆಲ್ಲ ಕೈ ಪಳಗಿಸಿಕೊಂಡದ್ದು ಹೆಚ್ಚಾಗಿ ಆ ನಾಣ್ಯದಲ್ಲೇ.

ನಮ್ಮ ಅದೃಷ್ಟವೆಂದರೆ, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯೂ ಹೆಚ್ಚುಕಡಿಮೆ ಅದೇ ಗಾತ್ರದ್ದು. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಆ ಪುಸ್ತಕದ ಬಹುಪಾಲು ಕೈಚಳಕಗಳು ನಮ್ಮ ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ಏನೂ ಬದಲಾವಣೆಯಿಲ್ಲದೆ ನಡೆಯುತ್ತವೆ.

ಬೆಳ್ಳಿಯೇ ಏಕೆ ಎಂದರೆ ಎರಡು ಗುಣಗಳಿಗಾಗಿ. ಗಾಜಿನ ಲೋಟಕ್ಕೆ ಬಿಟ್ಟರೆ ಅದರ ನಾದ ಕೊನೆಯ ಸಾಲಿನವರಿಗೂ ಕೇಳುತ್ತದೆ. ಅದೇ ನಾಣ್ಯ ಬಹಳ ಕೈಗಳಲ್ಲಿ ಓಡಾಡಿ ಸವೆದಿದ್ದರೆ, ಒಂದರ ಮೇಲೊಂದು ಜಾರುವಾಗ ಸದ್ದೇ ಮಾಡುವುದಿಲ್ಲ. ಹೊಸ ನಾಣ್ಯದ ಚೂಪಾದ ಉಬ್ಬುಗೆರೆಗಳು ಕರಕರ ಎಂದು ಗುಟ್ಟು ಬಿಟ್ಟುಕೊಡುತ್ತವೆ. ರಾಣಿಯ ಮುಖ ನುಣ್ಣಗಾಗಿ, ಅಂಚಿನ ಹಲ್ಲುಗಳು ಮಾತ್ರ ಉಳಿದಿರುವ ನಾಣ್ಯ ಸಂಗ್ರಾಹಕನಿಗೆ ಬೇಡ, ಜಾದೂಗಾರನಿಗೆ ಅದೇ ಮೊದಲ ಆಯ್ಕೆ. ಕೊಳ್ಳುವಾಗ ನಮಗಿರುವ ದೊಡ್ಡ ಅನುಕೂಲವೂ ಇದೇ.

ಆದರೆ ಸದ್ಯಕ್ಕೆ ಬೆಳ್ಳಿಗೆ ಹಣ ಹಾಕಬೇಡಿ. 1975ರಿಂದ 1982ರವರೆಗಿನ ದೊಡ್ಡ ಒಂದು ರೂಪಾಯಿ ನಾಣ್ಯ 28 ಮಿ.ಮೀ. ಇದೆ, ಹಳೆ ನಾಣ್ಯ ಮಾರುವವರಲ್ಲಿ ಅಗ್ಗವಾಗಿ ಸಿಗುತ್ತದೆ. ಅಂಥವು ನಾಲ್ಕು ತೆಗೆದುಕೊಳ್ಳಿ. ಕೈ ಕೆಳಮುಖ ಮಾಡಿ, ಬೆರಳು ಸಡಿಲ ಬಿಟ್ಟು ಮಾತಾಡುತ್ತಿದ್ದರೂ ನಾಣ್ಯ ಬೀಳದ ಹಂತಕ್ಕೆ ಬಂದ ಮೇಲೆ ಬೆಳ್ಳಿ ಕೊಂಡರೆ ಅದರ ಬೆಲೆ ನಿಮಗೆ ದಕ್ಕುತ್ತದೆ.

ಪ್ರಶ್ನೆ: ಒಂದೇ ಬೀದಿಯ ಮೂರು ಅಂಗಡಿಗಳಲ್ಲಿ ಮೂರು ಬೆಲೆ ಹೇಳುತ್ತಾರೆ. ಒಬ್ಬರು ‘ವಿಕ್ಟೋರಿಯಾ ಆದರೂ ಜಾರ್ಜ್ ಆದರೂ ಬೆಳ್ಳಿ ಬೆಳ್ಳಿಯೇ, ಒಂದೇ ರೇಟು’ ಅಂದರು. ನ್ಯಾಯವಾದ ಬೆಲೆ ಯಾವುದು?
– ಹವ್ಯಾಸಿ ಜಾದೂಗಾರ, ಹುಬ್ಬಳ್ಳಿ

ಉತ್ತರ: ‘ಒಂದೇ ರೇಟು’ ಅಂದವರ ಅಂಗಡಿಯಲ್ಲಿ ಎಚ್ಚರವಾಗಿರಿ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿಗಳಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಆರನೇ ಜಾರ್ಜ್ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ, ಗಾತ್ರ ಎರಡೂ ಹಾಗೇ ಉಳಿದವು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹೀಗಾಗಿ ಇಸವಿ ನೋಡದೆ ಬೆಲೆ ಮಾತಾಡಬಾರದು.

ಲೆಕ್ಕ ಹೀಗೆ. ನಾಣ್ಯವನ್ನು ನಿಮ್ಮೆದುರೇ ತೂಗಿಸಿ. ಸವೆದದ್ದು 11.66 ತೂಗುವುದಿಲ್ಲ, 11.4 ಬಂತು ಎನ್ನಿ. ಅದನ್ನು 0.917ರಿಂದ ಗುಣಿಸಿದರೆ 10.45 ಗ್ರಾಂ ಶುದ್ಧ ಬೆಳ್ಳಿ. ಪತ್ರಿಕೆಯ ಚಿನಿವಾರಪೇಟೆ ಕಾಲಂನಲ್ಲಿ ಅಂದಿನ ಕಿಲೋ ದರ ಇರುತ್ತದೆ, ಸಾವಿರದಿಂದ ಭಾಗಿಸಿ. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 100 ರೂಪಾಯಿ ಎಂದು ಹಿಡಿದರೆ ಆ ವಿಕ್ಟೋರಿಯಾ ನಾಣ್ಯದ ಬೆಳ್ಳಿ ಬೆಲೆ 1,045 ರೂಪಾಯಿ. ಅಷ್ಟೇ ತೂಕದ 1944ರ ಜಾರ್ಜ್ ನಾಣ್ಯದ್ದು 570. ಎರಡಕ್ಕೂ ಒಂದೇ ಬೆಲೆ ಕೊಟ್ಟವನು ಎಷ್ಟು ಕಳೆದುಕೊಂಡ ಎಂದು ನೀವೇ ನೋಡಿ.

ಇದರ ಮೇಲೆ ವ್ಯಾಪಾರಿ ತನ್ನ ಲಾಭ ಇಟ್ಟುಕೊಳ್ಳುತ್ತಾನೆ, ಅದು ನ್ಯಾಯ. ಆದರೆ ‘ನೂರೈವತ್ತು ವರ್ಷ ಹಳೆಯದು’ ಎಂಬ ಮಾತಿಗೆ ಪ್ರತ್ಯೇಕ ಹಣ ಕೊಡಬೇಡಿ. ಈ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾಗಿವೆ. ಹಳೆಯದಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ನಿಜವಾಗಿ ಅಪರೂಪದ್ದು, ಉದಾಹರಣೆಗೆ 1939ರ ರೂಪಾಯಿ, ಜಾದೂಗೆ ಬೇಕಾಗಿಲ್ಲ. ಅದರ ನಕಲಿಗಳಂತೂ ಬಹಳ ಓಡಾಡುತ್ತಿವೆ. 1911ರ ಐದನೇ ಜಾರ್ಜ್ ರೂಪಾಯಿಗೂ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ ಮರುವರ್ಷ ಅಚ್ಚನ್ನೇ ತಿದ್ದಿದರು. ಅಂಥದ್ದು ರಾಶಿಯಲ್ಲಿ ಸಿಕ್ಕರೆ ಪಾಮಿಂಗ್‌ಗೆ ಬಳಸದೆ ಎತ್ತಿಡಿ.

ನನ್ನ ಸಲಹೆ: 1940ರ ನಂತರದ ಅರ್ಧ ಬೆಳ್ಳಿಯ ನಾಣ್ಯಗಳನ್ನು ಕೀಳಾಗಿ ಕಾಣಬೇಡಿ. ಅರ್ಧದಷ್ಟು ಖರ್ಚಿನಲ್ಲಿ ಅದೇ ಗಾತ್ರ, ಅದೇ ತೂಕ ಸಿಗುತ್ತದೆ. ನಾದ ಸ್ವಲ್ಪ ಕಡಿಮೆ, ಅಷ್ಟೆ. ಯಾವುದೇ ಆಗಲಿ, ಒಂದೊಂದಾಗಿ ಕೊಳ್ಳದೆ ರಾಶಿ ಮುಂದೆ ಕುಳಿತು ನಾಲ್ಕನ್ನು ಒಟ್ಟಿಗೆ ಆರಿಸಿ. ಒಬ್ಬನೇ ದೊರೆ, ಒಂದೇ ಮಟ್ಟದ ಸವೆತ, ಒಂದೇ ಬಣ್ಣ ಇರಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ನಾಣ್ಯ ‘ಹಾರುವ’ ಆಟದಲ್ಲಿ ಒಂದು ಮಾತ್ರ ಕಪ್ಪಗಿದ್ದರೆ ಮುಂದಿನ ಸಾಲಿನ ಹುಡುಗನೇ ಅದನ್ನು ಗುರುತಿಟ್ಟುಕೊಳ್ಳುತ್ತಾನೆ.

ಪ್ರಶ್ನೆ: ಸಂತೆಯಲ್ಲಿ ಹತ್ತು ವಿಕ್ಟೋರಿಯಾ ರೂಪಾಯಿ ಕೊಂಡೆ. ಮನೆಗೆ ಬಂದ ಮೇಲೆ ಅನುಮಾನ ಶುರುವಾಗಿದೆ. ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆಯೇ?
– ಒಬ್ಬ ಶಿಕ್ಷಕರು, ಕಲಬುರಗಿ

ಉತ್ತರ: ಇದೆ. ನೀವು ಶಿಕ್ಷಕರಾದ್ದರಿಂದ ಮಕ್ಕಳಿಗೂ ತೋರಿಸಬಹುದು. ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ನಕಲಿ, ಮುಂದಿನ ಪರೀಕ್ಷೆ ಬೇಕಿಲ್ಲ. ಅಂಟದಿದ್ದರೆ ಅಸಲಿ ಎಂದು ಇನ್ನೂ ಹೇಳುವಂತಿಲ್ಲ. ಜರ್ಮನ್ ಸಿಲ್ವರ್, ಹಿತ್ತಾಳೆ ಕೂಡ ಅಂಟುವುದಿಲ್ಲ.

ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗುವಂತೆ, ತಳ ಮತ್ತು ಗೋಡೆಗೆ ತಾಗದಂತೆ ಕೈಯಲ್ಲೇ ಹಿಡಿಯಿರಿ. ಗುಳ್ಳೆ ಅಂಟಿದ್ದರೆ ದಾರ ಅಲ್ಲಾಡಿಸಿ ಬಿಡಿಸಿ. ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 11.6 ಗ್ರಾಂ ನಾಣ್ಯ ನೀರಿನಲ್ಲಿ 1.12 ತೋರಿಸಿದರೆ ಭಾಗಲಬ್ಧ 10.3ರ ಹತ್ತಿರ ಬರುತ್ತದೆ, ಅದು 91.7ರ ಬೆಳ್ಳಿಯ ಸಾಂದ್ರತೆ. 1.35 ತೋರಿಸಿದರೆ 8.6 ಆಗುತ್ತದೆ, ಅದು ಜರ್ಮನ್ ಸಿಲ್ವರ್ ಲೆಕ್ಕ. 1940ರ ನಂತರದ ಜಾರ್ಜ್ ನಾಣ್ಯಕ್ಕೆ 9.5ರ ಆಸುಪಾಸು ಬಂದರೆ ಸರಿ.

ಅಂಚನ್ನೂ ನೋಡಿ. ಎರಕ ಹೊಯ್ದ ನಕಲಿಯಲ್ಲಿ ಹಲ್ಲುಗಳು ಮೊಂಡಾಗಿ, ಸುತ್ತಲೂ ಸಣ್ಣ ಜೋಡಣೆಯ ಗೆರೆ ಕಾಣಿಸಬಹುದು. ಹಲ್ಲು ಮೊಂಡಾದದ್ದು ಅಂಗೈಯಲ್ಲೂ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿ ತಾಂಡಾದಲ್ಲಿ ಹಾಕಿಕೊಳ್ಳುತ್ತಿದ್ದ ಸರದಲ್ಲಿ ರೂಪಾಯಿ ನಾಣ್ಯಗಳಿವೆ. ಕುಣಿಕೆ ಬಿಚ್ಚಿಸಿ ಜಾದೂಗೆ ಬಳಸಬಹುದೇ?
– ಓದುಗ, ವಿಜಯನಗರ ಜಿಲ್ಲೆ

ಉತ್ತರ: ದಯವಿಟ್ಟು ಬೇಡ. ಲಂಬಾಣಿ ಹೆಣ್ಣುಮಕ್ಕಳ ಆ ಸರಗಳು ಈಗ ಹೊಸದಾಗಿ ಹುಟ್ಟುವುದಿಲ್ಲ. ಬಿಡಿ ನಾಣ್ಯವಾದರೆ ಅದು ತೂಕದ ಬೆಳ್ಳಿ, ಸರವಾಗಿದ್ದರೆ ನಿಮ್ಮ ಅಜ್ಜಿಯದು. ಅಂಗಡಿಗಳಲ್ಲಿ ಈಗಾಗಲೇ ಕುಣಿಕೆ ಕಿತ್ತು, ಬೆಸುಗೆಯ ಗುರುತು ಉಳಿದಿರುವ ನಾಣ್ಯಗಳು ಬೇಕಾದಷ್ಟಿವೆ. ಸಂಗ್ರಾಹಕರು ಮುಟ್ಟದ ಕಾರಣ ಅವು ಬೆಳ್ಳಿಯ ಬೆಲೆಗೇ ಸಿಗುತ್ತವೆ. ಬೆಸುಗೆ ಉಬ್ಬಿರದೆ ಅಂಚು ಸಮನಾಗಿದ್ದರೆ ಜಾದೂಗೆ ಚೆನ್ನಾಗಿ ಒದಗುತ್ತವೆ. ತೂತು ಕೊರೆದದ್ದು ಮಾತ್ರ ಬೇಡ.

ಪ್ರಶ್ನೆ: ಇಲ್ಲಿ ಅರ್ಧ ಡಾಲರ್ ಕೊಳ್ಳಲೋ, ಊರಿಗೆ ಬಂದಾಗ ವಿಕ್ಟೋರಿಯಾ ರೂಪಾಯಿ ತರಲೋ?
– ಕನ್ನಡಿಗ, ನ್ಯೂಜೆರ್ಸಿ

ಉತ್ತರ: ಅಲ್ಲೇ ಕೊಳ್ಳಿ. ನಮ್ಮ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ಜೊತೆಗೆ 1922ರವರೆಗಿನ ಜಾರ್ಜ್ ರೂಪಾಯಿಗಳೂ ಈಗ ಆ ಸಾಲಿಗೆ ಸೇರಿವೆ.

ನಿಮ್ಮಲ್ಲಿ 1916ರಿಂದ 1947ರವರೆಗಿನ ವಾಕಿಂಗ್ ಲಿಬರ್ಟಿ ಅರ್ಧ ಡಾಲರ್ ಕೇಳಿ. ನೂರಕ್ಕೆ 90 ಬೆಳ್ಳಿ; ಹೊಸದರಲ್ಲಿ 11.25 ಗ್ರಾಂ. ಔನ್ಸ್ ದರವನ್ನು 0.36ರಿಂದ ಗುಣಿಸಿದರೆ ಒಂದರ ಬೆಳ್ಳಿ ಬೆಲೆ ಸಿಗುತ್ತದೆ. 1940ರ ದಶಕದವು ಧಾರಾಳವಾಗಿವೆ. 1921ರವು, ಡೆನ್ವರ್ ಟಂಕಸಾಲೆಯ 1938ರವು ದುಬಾರಿ, ಅವುಗಳ ತಂಟೆ ಬೇಡ. ಕೆನಡಿ ಅರ್ಧ ಡಾಲರಿನಲ್ಲಿ 1964ರದ್ದು ಮಾತ್ರ 90. 1965ರಿಂದ 1970ರವರೆಗೆ ನೂರಕ್ಕೆ 40. 1971ರಿಂದ ಚಲಾವಣೆಗೆ ಬಂದವುಗಳಲ್ಲಿ ಬೆಳ್ಳಿ ಇಲ್ಲ. ಮಾರ್ಗನ್, ಪೀಸ್ ಡಾಲರ್‌ಗಳು 38.1 ಮಿ.ಮೀ., 26.73 ಗ್ರಾಂ. ವೇದಿಕೆಗೆ ಚೆಂದ, ಚಿಕ್ಕ ಕೈಗೆ ಕಷ್ಟ, ಬೆಳ್ಳಿಯೂ ಎರಡು ಪಟ್ಟಿಗಿಂತ ಹೆಚ್ಚು. ಟೊಳ್ಳು ನಾಣ್ಯದಂಥ ಜಾದೂ ಸಲಕರಣೆಗಳು ಅರ್ಧ ಡಾಲರ್ ಅಳತೆಯಲ್ಲಿ ಸುಲಭವಾಗಿ ಸಿಗುವುದರಿಂದಲೂ ನಿಮಗೆ ಅದೇ ಅನುಕೂಲ.

ಪ್ರಶ್ನೆ: ಹನುಮಂತನ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿಯ ಅರ್ಧ ಆಣೆ ಇದೆ, ಅಕ್ಕಿ ಕಾಳನ್ನು ಎಳೆಯುತ್ತದೆ, ಲಕ್ಷಗಟ್ಟಲೆ ಬೆಲೆ ಎನ್ನುತ್ತಿದ್ದಾರೆ. ಜಾದೂಗೆ ಉಪಯೋಗವಾದೀತೇ?
– ಓದುಗ, ತುಮಕೂರು

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಮದ್ರಾಸಿನಲ್ಲಿ ಕಂಪನಿ ಹೊರಡಿಸಿದ ಚಿನ್ನದ ಪಗೋಡಾಗಳ ಮೇಲೆ ದೇವರ ರೂಪ ಇತ್ತು, ನಿಜ. ಆದರೆ ಹನುಮಂತನಿರುವ 1818ರ ಅರ್ಧ ಆಣೆಯನ್ನು ಕಂಪನಿ ಹೊರಡಿಸಿಯೇ ಇಲ್ಲ. ಅವೆಲ್ಲ ಇತ್ತೀಚೆಗೆ ಒತ್ತಿದ ಬಿಲ್ಲೆಗಳು. ಅಕ್ಕಿ ಎಳೆಯುವುದು ಅಯಸ್ಕಾಂತ ಮತ್ತು ಕಬ್ಬಿಣ ಬೆರೆಸಿದ ಅಕ್ಕಿಯ ಆಟ. ರಂಜನೆಗಾಗಿ ಕಣ್ಕಟ್ಟು ಮಾಡುವ ನಾವು, ಅದೇ ಕಣ್ಕಟ್ಟಿನಿಂದ ಬಡವರ ಮನೆ ಮುಳುಗಿಸುವವರನ್ನು ಸುಮ್ಮನೆ ನೋಡಬಾರದು. ಪೊಲೀಸರಿಗೆ ತಿಳಿಸಿ. ಹಾಗೆಯೇ, ‘ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂಬ ಕರೆಗಳನ್ನೂ ನಂಬಬೇಡಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಪ್ರಶ್ನೆ: ಕಪ್ಪಾದ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದೇ?
– ಗೃಹಿಣಿ, ಮೈಸೂರು

ಉತ್ತರ: ಉಜ್ಜುವುದೇ ಬೇಡ, ಗೀರು ಬೀಳುತ್ತದೆ. ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ನಾಣ್ಯವಿಟ್ಟು, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಸುರಿಯಿರಿ. ಕಪ್ಪು ತಾನಾಗಿ ಬಿಡುತ್ತದೆ. ತೊಳೆದು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ನಾಲ್ಕನ್ನೂ ಒಟ್ಟಿಗೇ ಹಾಕಿದರೆ ಬಣ್ಣ ಒಂದೇ ಬರುತ್ತದೆ. ಅದಕ್ಕೂ ಮೊದಲು ಇಸವಿ ಓದಿ. ಮೇಲೆ ಹೇಳಿದ 1911, 1939ರ ನಾಣ್ಯವಾಗಿದ್ದರೆ ತೊಳೆಯದೆ ಹಾಗೆಯೇ ನಾಣ್ಯ ಬಲ್ಲವರಿಗೆ ತೋರಿಸಿ, ತೊಳೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.