ಅಮೆರಿಕದ ಚಿಕ್ಕಮ್ಮನ ನಿವೃತ್ತಿ ಹಣ: ದಾನ ಎಲ್ಲಿಗೆ, ತೆರಿಗೆ ಯಾರಿಗೆ?



ನಮ್ಮ ಎಷ್ಟೋ ಮನೆಗಳಿಂದ ನರ್ಸ್ ಕೆಲಸಕ್ಕೋ, ಮದುವೆಯಾಗಿಯೋ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆದವರು ಇದ್ದಾರೆ. ಅಂಥ ಚಿಕ್ಕಮ್ಮ ಒಬ್ಬರು ಫೋನ್ ಮಾಡಿ, "ನನ್ನ ನಿವೃತ್ತಿ ಖಾತೆಯಿಂದ ನೇರವಾಗಿ ನಿಮ್ಮ ಸಂಘಕ್ಕೆ ಕಳಿಸ್ತೇನೆ, ನನಗೂ ತೆರಿಗೆ ಉಳೀತದೆ" ಅಂದರೆ ಏನು ಹೇಳ್ತೀರಿ? ಖುಷಿಯಲ್ಲಿ ಪಾಸ್ ಪುಸ್ತಕದ ನಂಬರ್ ಕೊಟ್ಟುಬಿಡಬೇಡಿ. ಮೊದಲು ಈ ಪಾಠ ಓದಿ.

ಅಲ್ಲಿ ಐ.ಆರ್.ಎ. ಎಂಬ ನಿವೃತ್ತಿ ಖಾತೆ ಇದೆ. ಸಾಮಾನ್ಯವಾಗಿ ಹಣ ಹಾಕುವಾಗ ತೆರಿಗೆ ಇಲ್ಲ, ತೆಗೆಯುವಾಗ ಉಂಟು. (ನಮ್ಮ ಪಿ.ಎಫ್. ಹಾಗಲ್ಲ. ಐದು ವರ್ಷ ಸೇವೆ ಆದ ಮೇಲೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ.) ಈಗ 73 ವರ್ಷ ಆದವರು ಪ್ರತಿವರ್ಷ ಇಂತಿಷ್ಟು ಹಣ ತೆಗೆಯಲೇಬೇಕು, ಬೇಕಿದ್ದರೂ ಬೇಡದಿದ್ದರೂ.

2006ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಎಪ್ಪತ್ತೂವರೆ ವರ್ಷ ತುಂಬಿದವರು ಈ ಖಾತೆಯಿಂದ ನೇರವಾಗಿ ಧರ್ಮಸಂಸ್ಥೆಗೆ ಕೊಟ್ಟರೆ ಆ ಹಣ ಅವರ ಆದಾಯಕ್ಕೆ ಸೇರುವುದೇ ಇಲ್ಲ. 2015ರಲ್ಲಿ ಇದನ್ನು ಕಾಯಂ ಮಾಡಿದರು. 2025ರಲ್ಲಿ ಒಬ್ಬರಿಗೆ ಮಿತಿ 1,08,000 ಡಾಲರ್ ಇತ್ತು.

ಲೆಕ್ಕ ನೋಡಿ. ಚಿಕ್ಕಮ್ಮ ಈ ವರ್ಷ 10,000 ಡಾಲರ್ ತೆಗೆಯಬೇಕು. ಅದರಲ್ಲಿ 3,000 ಡಾಲರ್ ಖಾತೆಯಿಂದಲೇ ತಮ್ಮ ಊರಿನ ಅನ್ನದಾನದ ಸಂಸ್ಥೆಗೆ ಹೋದರೆ, ಆದಾಯಕ್ಕೆ ಸೇರುವುದು 7,000 ಮಾತ್ರ. ತೆಗೆಯಬೇಕಾದ 10,000ದ ಲೆಕ್ಕವೂ ಪೂರ್ತಿ ಆಯಿತು. ಅದೇ ಹಣವನ್ನು ಮೊದಲು ತಮ್ಮ ಬ್ಯಾಂಕ್ ಖಾತೆಗೆ ಹಾಕಿಕೊಂಡು ಆಮೇಲೆ ಕೊಟ್ಟರೆ ಪೂರ್ತಿ 10,000 ಆದಾಯವೇ! ಸಂಸ್ಥೆಯ ಹೆಸರಿಗೇ ಬರೆದ ಚೆಕ್ ಆದರೆ ಚಿಕ್ಕಮ್ಮನೇ ಕೈಯಾರೆ ಒಯ್ದು ಕೊಡಬಹುದು. ರಸೀದಿ ಮಾತ್ರ ಮರೆಯಬಾರದು.

ಆದರೆ ಈ ಲಾಭ ಸಿಗುವುದು ಅಮೆರಿಕದ ಕಾನೂನು ಒಪ್ಪಿದ ಸಂಸ್ಥೆಗೆ ಕೊಟ್ಟರೆ ಮಾತ್ರ. ನಮ್ಮ ಸ್ವಸಹಾಯ ಸಂಘ ಆ ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಕಳಿಸಿದರೆ ಅವರಿಗೆ ತೆರಿಗೆ ತಪ್ಪುವುದಿಲ್ಲ.

ನಮ್ಮ ಕಡೆಯ ತೊಂದರೆ ಇನ್ನೂ ದೊಡ್ಡದು. ಚಿಕ್ಕಮ್ಮ ಹುಟ್ಟಿದ್ದು ಮಂಗಳೂರಿನಲ್ಲೇ ಇರಬಹುದು, ಈಗ ಅವರು ವಿದೇಶಿ ಪ್ರಜೆ. ವಿದೇಶಿ ದೇಣಿಗೆ ಕಾಯ್ದೆ ಪ್ರಕಾರ ಅವರ ದಾನ ವಿದೇಶಿ ದೇಣಿಗೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇದ್ದವರೂ ಅದನ್ನು ಪಡೆಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯಲ್ಲೇ. ಸಂಘದ ಉಳಿತಾಯ ಖಾತೆಗೆ ಹಣ ಬಂದು ಬಿದ್ದರೆ ಉತ್ತರ ಹೇಳಬೇಕಾದವರು ಅಧ್ಯಕ್ಷೆ, ಕಾರ್ಯದರ್ಶಿ. ಅಂದರೆ ನಮ್ಮಲ್ಲೇ ಇಬ್ಬರು.

"ಹಾಗಾದರೆ ನನ್ನ ಖಾತೆಗೆ ಹಾಕಲಿ, ನಾನು ಸಂಘಕ್ಕೆ ಕೊಡ್ತೇನೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹತ್ತಿರದ ಸಂಬಂಧಿಕರು ನಿಮ್ಮ ಮನೆಖರ್ಚಿಗೆ ಕಳಿಸಿದರೆ ಅಡ್ಡಿಯಿಲ್ಲ. ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಮಾತ್ರ ಸರಕಾರಕ್ಕೆ ತಿಳಿಸಬೇಕು. ಆದರೆ ಸಂಘದ ದಾನವನ್ನು ಆ ದಾರಿಯಲ್ಲಿ ತಿರುಗಿಸುವುದು ಬೇಡವೇ ಬೇಡ.

ಚಿಕ್ಕಮ್ಮನಿಗೆ ಹೀಗೆ ಹೇಳಿ: ಅಲ್ಲಿಯೇ ನೋಂದಣಿಯಾಗಿ ಭಾರತದಲ್ಲೂ ಕೆಲಸ ಮಾಡುವ ಸಂಸ್ಥೆಗಳಿವೆ, ಅವಕ್ಕೆ ಕೊಡಬಹುದು. ಆ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಆ ಸಂಸ್ಥೆ, ನಾವಲ್ಲ. ಕೊಡುವ ಮುಂಚೆ ತಮ್ಮ ತೆರಿಗೆ ಲೆಕ್ಕಿಗರನ್ನು ಒಮ್ಮೆ ಕೇಳಲಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಖಾತೆಗೆ ಹೊರಗಿನಿಂದ ಹಣ ಬಂದರೆ ಯಾರು ಕಳಿಸಿದ್ದು ಎಂದು ನೋಡುವವರು ಯಾರು? ಅದನ್ನು ಯಾವ ಪುಸ್ತಕದಲ್ಲಿ ಬರೆಯುತ್ತೀರಿ?